ಪೇಟೆಯ ತೆರಿಗೆ ಪೇಟೆಗೇ ಮೀಸಲೆ?

ನಗರದ ಹಳೆಯ ಪೇಟೆಯಲ್ಲಿ ಹುಟ್ಟುವ ತೆರಿಗೆಯನ್ನು ಊರಿನ ಸಾಮಾನ್ಯ ಬೊಕ್ಕಸಕ್ಕೆ ಸೇರಿಸದೆ, ಅದೇ ಪೇಟೆಯ ಪುನರಾಭಿವೃದ್ಧಿಗೂ ಅಲ್ಲಿಗೆ ಬರುವವರ ವಾಹನ ನಿಲ್ಲಿಸುವ ಕಟ್ಟಡಗಳಿಗೂ ಎತ್ತಿಡುವ ಪದ್ಧತಿ ಅಮೆರಿಕದಲ್ಲಿ ಮುಕ್ಕಾಲು ಶತಮಾನದಿಂದ ನಡೆದುಬಂದಿದೆ. ನಗರಾಡಳಿತದವರು ಇದನ್ನು ಹಣಕಾಸಿನ ಒಂದು ಉಪಾಯವೆಂದು ಮಾತ್ರ ನೋಡುತ್ತಾರೆ. ಆದರೆ ಈ ಉಪಾಯದೊಳಗೆ ಕೆಲವು ಹಳೆಯ ನ್ಯಾಯಪ್ರಶ್ನೆಗಳು ಚರ್ಚೆಯೇ ಇಲ್ಲದೆ ಇತ್ಯರ್ಥವಾಗಿಬಿಟ್ಟಿರುತ್ತವೆ. ಒಂದು ಜಾಗದ ಬೆಲೆ ಏರಿದರೆ ಆ ಏರಿಕೆ ಯಾರ ಸ್ವತ್ತು? ತೆರಿಗೆ ಕಟ್ಟಿದವರಿಗೆ ಅದರ ಖರ್ಚಿನ ಮೇಲೆ ವಿಶೇಷ ಹಕ್ಕು ಇದೆಯೆ? ತೆರಿಗೆಯನ್ನೇ ಹುಟ್ಟಿಸದ ದೇವಾಲಯಕ್ಕೆ, ಚರ್ಚಿಗೆ, ಬಡವರ ಬಾಡಿಗೆ ಕೋಣೆಗೆ ಆ ಲೆಕ್ಕದಲ್ಲಿ ಜಾಗವೆಲ್ಲಿ?

ಪದ್ಧತಿಯ ತವರು ಕ್ಯಾಲಿಫೋರ್ನಿಯ. 1945ರಲ್ಲಿ ಅಲ್ಲಿನ ಶಾಸನಸಭೆ ನಗರಗಳಿಗೆ ಪುನರಾಭಿವೃದ್ಧಿ ಏಜೆನ್ಸಿಗಳನ್ನು ಕಟ್ಟಿಕೊಳ್ಳುವ ಅಧಿಕಾರ ಕೊಟ್ಟಿತು. 1952ರಲ್ಲಿ ಮತದಾರರು ಸಂವಿಧಾನ ತಿದ್ದುಪಡಿಯೊಂದನ್ನು ಒಪ್ಪಿ ಆ ಏಜೆನ್ಸಿಗಳಿಗೆ ಹಣದ ದಾರಿಯನ್ನೂ ತೋರಿಸಿದರು. ನಗರಸಭೆ ಒಂದು ಪ್ರದೇಶವನ್ನು ಜೀರ್ಣಗೊಂಡದ್ದೆಂದು ಘೋಷಿಸುತ್ತಿತ್ತು. ಆ ವರ್ಷ ಅಲ್ಲಿಂದ ಬರುತ್ತಿದ್ದ ಆಸ್ತಿ ತೆರಿಗೆಯ ಮೊತ್ತಕ್ಕೆ ಗೆರೆ ಎಳೆಯಲಾಗುತ್ತಿತ್ತು. ಗೆರೆಯ ಕೆಳಗಿನ ಹಣ ಎಂದಿನಂತೆ ಶಾಲೆ, ಕೌಂಟಿ (ಜಿಲ್ಲಾಡಳಿತ), ನಗರಗಳಿಗೆ ಹಂಚಿಹೋಗುತ್ತಿತ್ತು. ಮುಂದೆ ಏರಿದ್ದೆಲ್ಲ ಏಜೆನ್ಸಿಯ ಕೈಸೇರುತ್ತಿತ್ತು. ತೆರಿಗೆ 10 ಲಕ್ಷ ಡಾಲರಿನಿಂದ 16 ಲಕ್ಷಕ್ಕೆ ಏರಿತೆಂದು ಇಟ್ಟುಕೊಂಡರೆ ಶಾಲೆಗಳಿಗೂ ಕೌಂಟಿಗೂ ಸಿಗುತ್ತಿದ್ದುದು ಹಳೆಯ 10 ಲಕ್ಷದ ಪಾಲು ಮಾತ್ರ. ಉಳಿದ 6 ಲಕ್ಷವನ್ನು ನಂಬಿ ಏಜೆನ್ಸಿ ಮೊದಲೇ ಸಾಲಪತ್ರ ಹೊರಡಿಸಿ, ಜಮೀನು ಕೊಂಡು, ಬೀದಿ ಅಗಲಿಸಿ, ಪಾರ್ಕಿಂಗ್ ಕಟ್ಟಡ ಎಬ್ಬಿಸಿರುತ್ತಿತ್ತು.

ಇದರ ಜೊತೆಗೆ ಮಾರಾಟ ತೆರಿಗೆ ಇದೆ. ಕ್ಯಾಲಿಫೋರ್ನಿಯದಲ್ಲಿ ಮಾರಾಟದ ಬೆಲೆಯ ಶೇ. 1ರಷ್ಟು ವ್ಯಾಪಾರ ನಡೆದ ನಗರಕ್ಕೇ ಹೋಗುತ್ತದೆ. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾದ ಮೇಲೆ ಪುರಸಭೆಗಳಿಗೆ ವ್ಯಾಪಾರದ ತೆರಿಗೆಯೊಡನೆ ಇಂಥ ನೇರ ನಂಟು ಉಳಿದಿಲ್ಲವಾದ್ದರಿಂದ, ಅಂಗಡಿಯೊಂದು ಗಡಿಯ ಈಚೆ ಬರುತ್ತದೋ ಆಚೆ ಹೋಗುತ್ತದೋ ಎಂಬುದಕ್ಕೆ ಅಲ್ಲಿನ ನಗರಸಭೆಗಳು ಕೊಡುವ ಬೆಲೆ ಇಲ್ಲಿನ ಓದುಗರಿಗೆ ವಿಚಿತ್ರವಾಗಿ ಕಾಣಬಹುದು. 1978ರಲ್ಲಿ ಮತದಾರರು ಆಸ್ತಿ ತೆರಿಗೆಯನ್ನು ಮೌಲ್ಯದ ಶೇ. 1ಕ್ಕೆ ಕಟ್ಟಿಹಾಕಿ, ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಮೌಲ್ಯ ಏರಿಸದಂತೆ ತಡೆದ ಮೇಲಂತೂ ಮನೆಗಳಿಗಿಂತ ಮಳಿಗೆಗಳು, ಮಳಿಗೆಗಳಲ್ಲೂ ಕಾರಿನಲ್ಲಿ ಬಂದು ತುಂಬಿಕೊಂಡು ಹೋಗುವ ದೊಡ್ಡ ಮಳಿಗೆಗಳು ನಗರಸಭೆಗಳಿಗೆ ಪ್ರಿಯವಾದವು.

ನ್ಯಾಯದ ಮೊದಲ ಪ್ರಶ್ನೆಗೆ ಮೂರು ಬಗೆಯ ಉತ್ತರಗಳಿವೆ. ಸ್ವತ್ತಿನ ಹಕ್ಕು ಸರ್ಕಾರಕ್ಕಿಂತ ಹಿಂದಿನದು ಎಂದು ತತ್ವಜ್ಞಾನಿ ಲಾಕ್‌ನ ಜಾಡಿನಲ್ಲಿ ವಾದಿಸಿದ ರಾಬರ್ಟ್ ನೋಜಿಕ್‌ಗೆ (1974) ದುಡಿಮೆಯ ಮೇಲಿನ ತೆರಿಗೆ ಬಲವಂತದ ದುಡಿಮೆಗೆ ಸಮ. ಅವನ ತರ್ಕ ಒಪ್ಪಿದರೆ ಪೇಟೆಯ ಹಣ ಪೇಟೆಗೇ ಹಿಂತಿರುಗುವುದು, ಕಿತ್ತುಕೊಂಡದ್ದರಲ್ಲಿ ಒಂದಿಷ್ಟನ್ನು ಒಪ್ಪಿಸಿದಂತೆ. ಲಿಯಾಮ್ ಮರ್ಫಿ ಮತ್ತು ಥಾಮಸ್ ನೇಗೆಲ್ ತಮ್ಮ 2002ರ ಪುಸ್ತಕದಲ್ಲಿ ಇದನ್ನು ಬುಡದಲ್ಲೇ ಅಲ್ಲಗಳೆದರು. ಕಾನೂನು, ನ್ಯಾಯಾಲಯ, ನಾಣ್ಯ, ರಸ್ತೆ ಯಾವುದೂ ಇಲ್ಲದ ಕಡೆ ವ್ಯಾಪಾರವೇ ಇರದು. ಆದ್ದರಿಂದ 'ತೆರಿಗೆಗೆ ಮುಂಚಿನ ನನ್ನ ಆದಾಯ' ಎಂಬುದಕ್ಕೆ ಸ್ವತಂತ್ರವಾದ ನೈತಿಕ ತೂಕವಿಲ್ಲ ಎಂಬುದು ಅವರ ನಿಲುವು. ಅವರ ಲೆಕ್ಕದಲ್ಲಿ ಪೇಟೆಯ ವರ್ತಕರು ತಮ್ಮ ತೆರಿಗೆ ಎಂದು ಕರೆಯುವ ಹಣ ಇಡೀ ವ್ಯವಸ್ಥೆಯ ಫಲ.

ಮೂರನೆಯ ಉತ್ತರ ಹೆನ್ರಿ ಜಾರ್ಜ್‌ನದು, ಈ ವಿಷಯಕ್ಕೆ ಅತಿ ಹತ್ತಿರವಾದದ್ದೂ ಅದೇ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಪತ್ರಕರ್ತನಾಗಿದ್ದ ಜಾರ್ಜ್ 1879ರ ತನ್ನ 'ಪ್ರೋಗ್ರೆಸ್ ಅಂಡ್ ಪಾವರ್ಟಿ'ಯಲ್ಲಿ, ನೆಲದ ಬೆಲೆ ಏರುವುದು ಒಡೆಯನ ಬೆವರಿನಿಂದಲ್ಲ, ಸುತ್ತ ನೆರೆದ ಜನರಿಂದ ಎಂದು ತೋರಿಸಿದ. ಆ ಏರಿಕೆ ಸಮುದಾಯದ್ದು, ಅದನ್ನು ತೆರಿಗೆಯಾಗಿ ತೆಗೆದುಕೊಂಡು ಎಲ್ಲರಿಗೂ ಬಳಸಬೇಕು ಎಂದ. ಪುನರಾಭಿವೃದ್ಧಿ ಏಜೆನ್ಸಿ ಈ ತರ್ಕದ ಅರ್ಧವನ್ನಷ್ಟೇ ಎತ್ತಿಕೊಂಡಿತು. ಏರಿದ ಬೆಲೆಯ ತೆರಿಗೆಯನ್ನು ಅದು ಹಿಡಿಯುತ್ತಿತ್ತು, ಸರಿ; ಆದರೆ ಹಿಡಿದದ್ದನ್ನು ಅದೇ ನೆಲದ ಒಡೆಯರ ಮುಂದಿನ ಬೀದಿಗೆ, ಅವರ ಗಿರಾಕಿಗಳ ಕಾರಿಗೆ ಸುರಿದು ಆ ನೆಲದ ಬೆಲೆಯನ್ನು ಮತ್ತೂ ಏರಿಸುತ್ತಿತ್ತು. ಜಾರ್ಜ್ ಕಂಡಿದ್ದರೆ ತನ್ನ ಸಿದ್ಧಾಂತವನ್ನು ತಲೆಕೆಳಗಾಗಿ ನಿಲ್ಲಿಸಿದ್ದಾರೆ ಎನ್ನುತ್ತಿದ್ದ.

ಏಜೆನ್ಸಿಗಳ ಪರವಾಗಿ ಹೇಳುವ ಬಲವಾದ ಮಾತು ಬೇರೆಯದು. ಈ ಯೋಜನೆ ಇಲ್ಲದಿದ್ದರೆ ಆ ಹೆಚ್ಚುವರಿ ತೆರಿಗೆ ಹುಟ್ಟುತ್ತಲೇ ಇರಲಿಲ್ಲ, ಹುಟ್ಟದ ಹಣವನ್ನು ಶಾಲೆಗಳಿಂದ ಕಿತ್ತುಕೊಂಡೆವು ಎನ್ನುವುದು ಹೇಗೆ, ಎಂದು ಅವರು ಕೇಳುತ್ತಾರೆ. ಇಲಿನಾಯ್ ರಾಜ್ಯದ 1977ರ ಕಾನೂನು ಇದನ್ನೇ ಷರತ್ತಾಗಿಸಿದೆ. ವಾದ ನಿಲ್ಲಬೇಕಾದರೆ ನಡೆಯದೆ ಹೋದ ಇತಿಹಾಸವೊಂದನ್ನು ಸಾಬೀತು ಮಾಡಬೇಕು. ಸಾಬೀತು ಮಾಡುವ ಹೊಣೆ ಇರುವುದು ಹಣ ಬಯಸುವ ನಗರಸಭೆಗೇ, ಒಪ್ಪಬೇಕಾದದ್ದೂ ಅದೇ ನಗರಸಭೆ. ರಿಚರ್ಡ್ ಡೈ ಮತ್ತು ಡೇವಿಡ್ ಮೆರಿಮನ್ ಎಂಬ ಅರ್ಥಶಾಸ್ತ್ರಜ್ಞರು ಶಿಕಾಗೊ ಸುತ್ತಲಿನ ಊರುಗಳನ್ನು ಹೋಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಪದ್ಧತಿಯನ್ನು ಅಳವಡಿಸಿಕೊಂಡ ಊರುಗಳು ಒಟ್ಟಾರೆಯಾಗಿ ಉಳಿದವುಗಳಿಗಿಂತ ನಿಧಾನವಾಗಿ ಬೆಳೆದದ್ದು ಕಂಡುಬಂತು. ಗೆರೆಯೊಳಗೆ ಬೆಳೆದದ್ದು ಗೆರೆಯಾಚೆಯಿಂದ ಸರಿದು ಬಂದಿರಬಹುದು. ಇನ್ನು ಹಣದುಬ್ಬರದಿಂದ ತಾನಾಗಿ ಏರುವ ಬೆಲೆಯೂ ಏಜೆನ್ಸಿಯ ಸಾಧನೆಯ ಖಾತೆಗೇ ಜಮೆಯಾಗುತ್ತದೆ.

ತೆರಿಗೆ ಹುಟ್ಟಿಸುವ ಶಕ್ತಿಯೇ ನೆಲದ ಯೋಗ್ಯತೆಯ ಅಳತೆಗೋಲಾದರೆ ಏನಾಗುತ್ತದೆ ಎಂಬುದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಲಾಸ್ ಏಂಜಲೀಸ್ ಬಳಿಯ ಸೈಪ್ರೆಸ್ ಎಂಬ ಸಣ್ಣ ನಗರದಲ್ಲಿ. ಅಲ್ಲಿನ ಕುದುರೆ ಪಂದ್ಯದ ಮೈದಾನದ ಸುತ್ತಲಿನ ನೆಲವನ್ನು ನಗರಸಭೆ 1990ರಲ್ಲಿ ಪುನರಾಭಿವೃದ್ಧಿ ಪ್ರದೇಶವೆಂದು ಘೋಷಿಸಿತ್ತು. ಆ ದಶಕದ ಕೊನೆಗೆ ಕಾಟನ್‌ವುಡ್ ಕ್ರಿಶ್ಚಿಯನ್ ಸೆಂಟರ್ ಎಂಬ ಚರ್ಚು ಅದರೊಳಗೆ ತುಂಡುತುಂಡಾಗಿದ್ದ ಸುಮಾರು 18 ಎಕರೆ ಖಾಲಿ ಜಮೀನನ್ನು ಒಬ್ಬೊಬ್ಬ ಒಡೆಯನಿಂದ ಕೊಂಡು ಒಂದುಗೂಡಿಸಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಕೂರುವ ಪ್ರಾರ್ಥನಾಮಂದಿರ ಕಟ್ಟಲು ಅನುಮತಿ ಕೇಳಿತು. ಅರ್ಜಿ ಮುಂದೆ ಸರಿಯಲಿಲ್ಲ. 2002ರಲ್ಲಿ ನಗರಸಭೆ ಆ ಜಮೀನನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಂಡು ಕಾಸ್ಟ್‌ಕೊ ಎಂಬ ಸಗಟು ಮಳಿಗೆಗೆ ಕೊಡಲು ಹೊರಟಿತು. ಮಳಿಗೆ ಮಾರಾಟ ತೆರಿಗೆ ತರುತ್ತದೆ, ಚರ್ಚು ತರುವುದಿಲ್ಲ. ಚರ್ಚಿಗೆ ಅಮೆರಿಕದ ಕಾನೂನಿನಲ್ಲಿ ಆಸ್ತಿ ತೆರಿಗೆಯಿಂದಲೂ ವಿನಾಯಿತಿ ಇರುವುದರಿಂದ, ಆ 18 ಎಕರೆ ಭಕ್ತರ ಪಾಲಾದರೆ ಏಜೆನ್ಸಿಯ ಪುಸ್ತಕದಲ್ಲಿ ಅದರ ಎದುರು ಸೊನ್ನೆಯೇ ಶಾಶ್ವತ.

ಚರ್ಚು ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಧಾರ್ಮಿಕ ಸಂಸ್ಥೆಗಳ ಭೂಬಳಕೆಗೆ ಅಡ್ಡಿಪಡಿಸಬೇಕಾದರೆ ಸರ್ಕಾರಕ್ಕೆ ಅನಿವಾರ್ಯವಾದ ಕಾರಣ ಇರಬೇಕು ಎಂಬ ಕಾನೂನು 2000ದಲ್ಲಷ್ಟೇ ಬಂದಿತ್ತು. ನ್ಯಾಯಾಧೀಶ ಡೇವಿಡ್ ಕಾರ್ಟರ್ 2002ರ ಆಗಸ್ಟಿನಲ್ಲಿ ಸ್ವಾಧೀನಕ್ಕೆ ತಡೆ ಕೊಟ್ಟರು. ಅವರ ತರ್ಕದ ತಿರುಳು ಸರಳ. ತೆರಿಗೆ ಆದಾಯವೇ ಅನಿವಾರ್ಯ ಕಾರಣವಾದರೆ ಯಾವ ನಗರವೂ ಯಾವ ಪ್ರಾರ್ಥನಾಸ್ಥಳವನ್ನೂ ಒಳಗೆ ಬಿಟ್ಟುಕೊಳ್ಳಬೇಕಾಗಿಲ್ಲ, ಏಕೆಂದರೆ ತೆರಿಗೆ ತರದಿರುವುದು ಅವುಗಳ ಸ್ವಭಾವ. ಮರುವರ್ಷ ರಾಜಿಯಾಯಿತು; ಚರ್ಚು ಆ ಜಮೀನು ಬಿಟ್ಟು ಹತ್ತಿರದಲ್ಲೇ ಬದಲಿ ಜಮೀನು ಪಡೆಯಿತು.

ನಗರಸಭೆಯ ಮಾತಿನಲ್ಲೂ ಹುರುಳಿಲ್ಲದಿಲ್ಲ. ಪೊಲೀಸು, ಅಗ್ನಿಶಾಮಕ, ಚರಂಡಿಗಳ ಸೇವೆಯನ್ನು ಚರ್ಚೂ ಪಡೆಯುತ್ತದೆ, ಭಾನುವಾರದ ಸಾವಿರಾರು ಕಾರುಗಳನ್ನು ರಸ್ತೆಗೆ ಇಳಿಸುತ್ತದೆ. ಆ ಖರ್ಚನ್ನು ಹೊರುವವರು ಪಕ್ಕದ ಅಂಗಡಿಯವರು. ಸೇವೆ ಪಡೆದವರೇ ಕೊಡಬೇಕು ಎಂಬ ನಿಯಮವನ್ನು ನೇರವಾಗಿ ಹಿಡಿದರೆ ಚರ್ಚಿನ ವಿನಾಯಿತಿಯೇ ಉಳಿಯದು. ವಿನಾಯಿತಿ ಉಳಿದಿರುವುದು, ಊರೊಂದಕ್ಕೆ ಲೆಕ್ಕದಲ್ಲಿ ಬಾರದ ಕೆಲವು ಸಂಗತಿಗಳು ಬೇಕು ಎಂದು ಸಮಾಜ ಒಪ್ಪಿರುವುದರಿಂದ. ಈ ಒಪ್ಪಿಗೆಗೆ ಬೆಲೆಯಿದೆ, ಆ ಬೆಲೆಯನ್ನು ಯಾರೋ ತೆರುತ್ತಿದ್ದಾರೆ ಎಂಬುದನ್ನು ಧಾರ್ಮಿಕ ಸಂಸ್ಥೆಗಳು ಮರೆಯುವುದು ಹೆಚ್ಚು.

ಕನ್ನಡ ನಾಡಿನ ಶಾಸನಗಳು ಇದೇ ಪ್ರಶ್ನೆಯನ್ನು ಮತ್ತೊಂದು ತುದಿಯಿಂದ ಇತ್ಯರ್ಥ ಮಾಡಿದ್ದವು. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ವ್ಯಾಪಾರದ ಸುಂಕಗಳ ಆದಾಯವನ್ನು ಸ್ಥಳೀಯ ದೇವಾಲಯಕ್ಕೆ ಬಿಟ್ಟುಕೊಟ್ಟ ಉಲ್ಲೇಖಗಳಿವೆ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳು ಸಭೆ ಸೇರಿ, ಎತ್ತಿನ ಹೇರಿಗೆ ಇಷ್ಟು, ವೀಳ್ಯದೆಲೆಯ ಹೊರೆಗೆ ಇಷ್ಟು, ಗಾಣಕ್ಕೆ ಇಷ್ಟು ಎಣ್ಣೆ ಎಂದು ತಾವೇ ಆಯ ಗೊತ್ತುಮಾಡಿ ನಂದಾದೀಪಕ್ಕೂ ಅಂಗಭೋಗಕ್ಕೂ ಕೊಡುತ್ತಿದ್ದವು. ಇಲ್ಲಿ ಪೇಟೆಯ ಹಣ ಪೇಟೆಯಲ್ಲೇ ಉಳಿಯುತ್ತದೆ, ಆದರೆ ಅಂಗಡಿಯ ಮುಂಗಟ್ಟಿಗಲ್ಲ; ಸಂತೆಗೆ ಬಂದವರೆಲ್ಲ ಕೈಮುಗಿಯುವ ಗುಡಿಗೆ. ಕೊಡುವವರೇ ಕೂತು ಒಪ್ಪಿಕೊಂಡದ್ದೆಂಬುದು ಇನ್ನೊಂದು ವ್ಯತ್ಯಾಸ. ಹಾಗೆಂದು ಇದನ್ನು ಆದರ್ಶವಾಗಿಸುವುದೂ ಬೇಡ. ಎಲೆಯ ಹೊರೆಗೆ ಬಿದ್ದ ಆಯವನ್ನು ಕೊನೆಗೆ ತೆತ್ತವನು ಎಲೆ ಕೊಳ್ಳುವವನು, ಅವನನ್ನು ಆ ಸಭೆಗೆ ಕರೆದವರಿಲ್ಲ. ಎಲ್ಲರಿಗೂ ಆ ಗುಡಿಯೊಳಗೆ ಪ್ರವೇಶವೂ ಇರಲಿಲ್ಲ.

ಸೈಪ್ರೆಸ್ಸಿನ ಚರ್ಚಿಗೆ ರಕ್ಷಣೆಯಾಗಿ ಒಂದು ಕಾನೂನು ಇತ್ತು. ಬಡ ಬಾಡಿಗೆದಾರರಿಗೆ ಅಂಥದ್ದು ಇರಲಿಲ್ಲ. ಲಾಸ್ ಏಂಜಲೀಸ್ ನಗರದ ನಡುಮಧ್ಯೆ ಬಂಕರ್ ಹಿಲ್ ಎಂಬ ಗುಡ್ಡವಿದೆ. ಹತ್ತೊಂಬತ್ತನೆಯ ಶತಮಾನದ ಸಿರಿವಂತರ ಮರದ ಮನೆಗಳು ಕಾಲಕ್ರಮದಲ್ಲಿ ಕೋಣೆಕೋಣೆಯಾಗಿ ಬಾಡಿಗೆಗೆ ಹೋಗಿ, ಮುದುಕರು, ಒಂಟಿ ಕೂಲಿಗಾರರು, ವಲಸೆ ಬಂದವರು ಅಲ್ಲಿ ತುಂಬಿಕೊಂಡಿದ್ದರು. 1959ರಲ್ಲಿ ಪುನರಾಭಿವೃದ್ಧಿ ಯೋಜನೆಗೆ ಒಪ್ಪಿಗೆ ಸಿಕ್ಕ ಮೇಲೆ ಸಾವಿರಾರು ಜನರನ್ನು ಒಕ್ಕಲೆಬ್ಬಿಸಿ ಮನೆಗಳನ್ನು ನೆಲಸಮ ಮಾಡಲಾಯಿತು. ಬೋಳಾದ ಗುಡ್ಡದ ಎಷ್ಟೋ ಭಾಗ ದಶಕಗಟ್ಟಲೆ ಬಯಲು ಪಾರ್ಕಿಂಗ್ ಜಾಗವಾಗಿ ಬಿದ್ದಿತ್ತು. ಇಂಥ ಒಕ್ಕಲೆಬ್ಬಿಸುವಿಕೆಗೆ ತಾತ್ವಿಕ ಸಮ್ಮತಿ 1954ರಲ್ಲೇ ದೊರಕಿತ್ತು: ವಾಷಿಂಗ್ಟನ್ನಿನ ಒಬ್ಬ ಅಂಗಡಿಕಾರನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಊರು ಆರೋಗ್ಯವಾಗಿರಬೇಕೆಂಬಂತೆ ಚೆಲುವಾಗಿರಬೇಕೆಂದೂ ಶಾಸನಸಭೆ ಬಯಸಬಹುದು ಎಂದು ಒಪ್ಪಿತ್ತು. ಅದೇ ಕೋರ್ಟು 2005ರಲ್ಲಿ ನ್ಯೂ ಲಂಡನ್ ನಗರದ ಪ್ರಕರಣದಲ್ಲಿ 5-4ರ ಬಹುಮತದಿಂದ, ತೆರಿಗೆ ಮತ್ತು ಉದ್ಯೋಗ ಹೆಚ್ಚಿಸುವ ಯೋಜನೆಯೂ ಸಾರ್ವಜನಿಕ ಉದ್ದೇಶವೇ ಎಂದಿತು. ನ್ಯೂ ಲಂಡನ್ನಿನಲ್ಲಿ ಮನೆಗಳನ್ನು ಕೆಡವಿದ ಆ ನೆಲ ಬಳಿಕ ವರ್ಷಗಟ್ಟಲೆ ಖಾಲಿ ಬಿದ್ದಿತ್ತು.

ಬಂಕರ್ ಹಿಲ್ಲಿನಲ್ಲಿ ಮುಂದೆ ಕಟ್ಟಿದ್ದು ವಾಲ್ಟ್ ಡಿಸ್ನಿ ಸಂಗೀತ ಸಭಾಂಗಣ. ಅದಕ್ಕೂ ಮೊದಲು ಅದರಡಿಯ ಪಾರ್ಕಿಂಗ್ ನೆಲಮಾಳಿಗೆ ಎದ್ದಿತು: ಆರು ಅಂತಸ್ತು, 2,188 ಕಾರುಗಳಿಗೆ ಜಾಗ, ಸುಮಾರು 11 ಕೋಟಿ ಡಾಲರ್ ವೆಚ್ಚ, ಎಲ್ಲವೂ ಕೌಂಟಿಯ ಸಾಲದ ಹಣ. ನೆಲಮಾಳಿಗೆ 1996ರಲ್ಲಿ ಸಿದ್ಧವಾದರೆ ಸಭಾಂಗಣ ಬಾಗಿಲು ತೆರೆದದ್ದು 2003ರಲ್ಲಿ. ಸಾಲ ತೀರಲು ಬೇಕಾದಷ್ಟು ಕಾರುಗಳು ಬರಲೆಂದು, ಋತುವೊಂದಕ್ಕೆ ಕನಿಷ್ಠ 128 ಕಛೇರಿಗಳು ನಡೆಯಲೇಬೇಕೆಂಬ ಷರತ್ತು ಗುತ್ತಿಗೆಯಲ್ಲಿ ಸೇರಿತು. ಎಷ್ಟು ಸಂಗೀತ ಬೇಕೆಂದು ಕಾರಿನ ಸಾಲ ತೀರ್ಮಾನಿಸಿದ ಈ ಪ್ರಸಂಗವನ್ನು ಎತ್ತಿ ತೋರಿಸಿದವನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೊನಾಲ್ಡ್ ಶೂಪ್. 2005ರ 'ದ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್' ಕೃತಿಯಲ್ಲಿ ಅವನು ತೋರಿಸಿದ್ದು ಇಷ್ಟೆ: ಬಿಟ್ಟಿ ಎಂದು ಕಾಣುವ ಪಾರ್ಕಿಂಗಿನ ಖರ್ಚು ಬಾಡಿಗೆಯಲ್ಲಿ, ಸಾಮಾನಿನ ಬೆಲೆಯಲ್ಲಿ, ತೆರಿಗೆಯಲ್ಲಿ ಅಡಗಿರುತ್ತದೆ, ಕಾರು ಇಲ್ಲದವರೂ ಅದನ್ನು ಕಟ್ಟುತ್ತಾರೆ. ಮಾರಾಟ ತೆರಿಗೆಯಿಂದ ಪಾರ್ಕಿಂಗ್ ಕಟ್ಟಡ ಕಟ್ಟುವುದರ ಅನ್ಯಾಯ ಇರುವುದು ಇಲ್ಲೇ. ಬಸ್ಸಿನಲ್ಲಿ ಬಂದು ಮಗುವಿಗೆ ಚಪ್ಪಲಿ ಕೊಳ್ಳುವ ತಾಯಿಯ ತೆರಿಗೆ, ಕಾರಿನಲ್ಲಿ ಬಂದವನ ನೆರಳಿನ ಜಾಗಕ್ಕೆ ಸಂದಾಯವಾಗುತ್ತದೆ. ಅತ್ಯಂತ ಕೆಳಗಿರುವವರಿಗೆ ಅನುಕೂಲವಾಗುವ ಅಸಮಾನತೆ ಮಾತ್ರ ಸಹ್ಯ ಎಂದ ಜಾನ್ ರಾಲ್ಸ್‌ನ ಕಟ್ಟಳೆಯ ಮುಂದೆ ಇದು ನಿಲ್ಲಲಾರದು.

ಲಾಸ್ ಏಂಜಲೀಸ್ ಬಳಿಯ ಪ್ಯಾಸಡೀನ ನಗರದ ಹಳೆಯ ಪೇಟೆಯದು ಇದಕ್ಕಿಂತ ಸಹ್ಯವಾದ ಮಾದರಿ. 1970ರ ದಶಕದಲ್ಲಿ ಅಲ್ಲಿನ ಕೊಲರಾಡೊ ಬುಲೆವಾರ್ಡ್ ಬೀದಿಯ ಕಟ್ಟಡಗಳು ಮುರುಕಲಾಗಿದ್ದವು. ಬೀದಿಬದಿ ಬಿಟ್ಟಿಯಾಗಿ ಕಾರು ನಿಲ್ಲಿಸುತ್ತಿದ್ದವರಲ್ಲಿ ಅಂಗಡಿಗಳ ಕೆಲಸಗಾರರೇ ಹೆಚ್ಚು, ಗಿರಾಕಿಗೆ ಜಾಗವಿರಲಿಲ್ಲ. ಮೀಟರ್ ಹಾಕುವ ಮಾತೆತ್ತಿದಾಗ ವರ್ತಕರು ಗಿರಾಕಿ ಓಡಿಹೋಗುತ್ತಾರೆಂದು ತಿರುಗಿಬಿದ್ದರು. ಕೊನೆಗೆ ಆದ ಒಪ್ಪಂದ: ಮೀಟರಿನ ಆದಾಯವೆಲ್ಲ ಅದೇ ಬೀದಿಗಳಿಗೆ. 1993ರಲ್ಲಿ ಗಂಟೆಗೆ ಒಂದು ಡಾಲರಿನ ಮೀಟರುಗಳು ನಿಂತವು, ಸಂಜೆಯೂ ಭಾನುವಾರವೂ ಸೇರಿ. ಆ ಆದಾಯದ ಭರವಸೆಯ ಮೇಲೆ ನಗರ 50 ಲಕ್ಷ ಡಾಲರ್ ಹಾಕಿ ಕಾಲುದಾರಿ, ಮರ, ದೀಪಗಳನ್ನು ಒದಗಿಸಿತು, ನಾರುತ್ತಿದ್ದ ಹಿತ್ತಿಲ ಗಲ್ಲಿಗಳನ್ನು ನಡೆದಾಡುವ ಓಣಿಗಳಾಗಿಸಿತು. ಇಲ್ಲಿ ಕೊಟ್ಟವನು ಜಾಗ ಬಳಸಿದವನೇ, ಬೇಡವೆಂದರೆ ಕೊಡದೆ ಹೋಗಬಹುದಿತ್ತು. ಆದರೂ ಒಂದು ತೊಡಕು ಉಳಿಯುತ್ತದೆ. ಬೀದಿಯ ಅಂಚು ಇಡೀ ನಗರದ ಸ್ವತ್ತು. ಯಾರೂ ಕಾರು ನಿಲ್ಲಿಸಲು ಬಾರದ ಬಡ ಬಡಾವಣೆಯ ಅಂಚಿಗೆ ಬೆಲೆಯೇ ಇಲ್ಲ, ಅಲ್ಲಿ ಮೀಟರು ಹಾಕಿ ಮರ ನೆಡಲಾಗದು. 

ಭಾನುವಾರದ ಮೀಟರು ಎಲ್ಲ ಕಡೆಯೂ ಸುಲಭವಾಗಿ ನಡೆಯಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊ 2013ರ ಜನವರಿಯಲ್ಲಿ ಅದನ್ನು ತಂದಾಗ ಪ್ರಾರ್ಥನೆಗೆ ಹೋಗುವವರಿಗೆ ದಂಡ ಹಾಕಿದಂತಾಯಿತೆಂಬ ಆಕ್ಷೇಪ ಬಂದು, 2014ರ ಜುಲೈನಲ್ಲಿ ಹಿಂತೆಗೆಯಬೇಕಾಯಿತು. ಬಸ್ಸಿನಲ್ಲಿ ಚರ್ಚಿಗೆ ಹೋಗುವವರು ಭಾನುವಾರವೂ ಟಿಕೆಟ್ ತೆಗೆಯುತ್ತಿದ್ದರು, ಅದರ ಬಗ್ಗೆ ಅಷ್ಟು ಗದ್ದಲವಾಗಲಿಲ್ಲ.

ಸಮ್ಮತಿಯ ಪ್ರಶ್ನೆಯನ್ನು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಕ್ನುಟ್ ವಿಕ್ಸೆಲ್ 1896ರಲ್ಲಿಯೇ ಎತ್ತಿದ್ದ. ಖರ್ಚಿನ ಪ್ರಸ್ತಾವವೂ ಅದಕ್ಕಾಗಿ ಹಾಕುವ ತೆರಿಗೆಯೂ ಒಟ್ಟಿಗೇ ಮತಕ್ಕೆ ಬರಬೇಕು, ಹೆಚ್ಚುಕಡಿಮೆ ಎಲ್ಲರೂ ಒಪ್ಪಿದರೆ ಮಾತ್ರ ಜಾರಿಯಾಗಬೇಕು ಎಂಬುದು ಅವನ ಮಾತು. ಪುನರಾಭಿವೃದ್ಧಿಯ ಸಾಲ ಈ ಪರೀಕ್ಷೆಯಲ್ಲಿ ಎರಡು ಕಡೆ ಸೋಲುತ್ತದೆ. ತನ್ನ ಪಾಲು ಕಳೆದುಕೊಳ್ಳುವ ಶಾಲಾ ಮಂಡಳಿಗೆ ಮತವಿಲ್ಲ; ಸಾಲ ತೀರಿಸಬೇಕಾದ ನಾಳಿನವರು ಇನ್ನೂ ಹುಟ್ಟಿಲ್ಲ. ನೆಲದ ಭೋಗ ಬದುಕಿರುವವರಿಗೆ ಸೇರಿದ್ದು, ಒಂದು ತಲೆಮಾರು ಇನ್ನೊಂದನ್ನು ಸಾಲದಿಂದ ಕಟ್ಟಿಹಾಕಬಾರದು ಎಂದು ಜೆಫರ್ಸನ್ 1789ರಲ್ಲಿ ಮ್ಯಾಡಿಸನ್‌ಗೆ ಬರೆದಿದ್ದ. ಶಿಕಾಗೊ ಅದಕ್ಕೆ ಕಿವಿಗೊಡಲಿಲ್ಲ. 2004ರಲ್ಲಿ ತೆರೆದ ಮಿಲೇನಿಯಂ ಪಾರ್ಕನ್ನು ಅದು ಪಾರ್ಕಿಂಗ್ ನೆಲಮಾಳಿಗೆಯ ಮೇಲೆ ಕಟ್ಟಿ, ವೆಚ್ಚ ಕೈಮೀರಿದಾಗ ನಡುಪೇಟೆಯ ಹೆಚ್ಚುವರಿ ತೆರಿಗೆಯನ್ನು ಬಳಸಿಕೊಂಡಿತು. 2006ರಲ್ಲಿ ಪೇಟೆಯ ಪಾರ್ಕಿಂಗ್ ನೆಲಮಾಳಿಗೆಗಳನ್ನು 99 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. 2008ರಲ್ಲಿ ಬೀದಿಯ ಸುಮಾರು 36,000 ಮೀಟರುಗಳನ್ನು 75 ವರ್ಷಕ್ಕೆ 115 ಕೋಟಿ ಡಾಲರಿಗೆ ಖಾಸಗಿಯವರಿಗೆ ವಹಿಸಿತು. ಹಣದ ಬಹುಪಾಲು ಕೆಲವೇ ವರ್ಷಗಳಲ್ಲಿ ಬಜೆಟ್ಟಿನ ತೂತು ಮುಚ್ಚಲು ಖರ್ಚಾಯಿತು. ಈಗ ಉತ್ಸವಕ್ಕೋ ದುರಸ್ತಿಗೋ ಬೀದಿ ಮುಚ್ಚಿದರೆ ಗುತ್ತಿಗೆದಾರರಿಗೆ ನಷ್ಟ ತುಂಬಿಕೊಡುವ ಹೊಣೆ ನಗರದ ಮೇಲಿದೆ, 2083ರವರೆಗೂ. ಶಾಸನಗಳ ದಾನವೂ ಚಂದ್ರಸೂರ್ಯರಿರುವವರೆಗೆ ಎಂದೇ ಮುಂದಿನವರನ್ನು ಕಟ್ಟಿಹಾಕುತ್ತಿತ್ತು. ಅಲ್ಲಿ ಮಾತು ಮುರಿದವರಿಗೆ ಪಾಪದ ಶಾಪವಿತ್ತು, ಇಲ್ಲಿ ಪರಿಹಾರದ ಬಿಲ್ಲು ಬರುತ್ತದೆ.

ಕ್ಯಾಲಿಫೋರ್ನಿಯದಲ್ಲಿ ಏಜೆನ್ಸಿಗಳು 400ರಷ್ಟಾಗಿ, ರಾಜ್ಯದ ಆಸ್ತಿ ತೆರಿಗೆಯ ಶೇ. 12ರಷ್ಟನ್ನು ತೆಗೆದುಕೊಳ್ಳುವ ಹಂತ ಮುಟ್ಟಿದ್ದವು. ಶಾಲೆಗಳಿಗೆ ಆದ ಕೊರತೆಯನ್ನು ರಾಜ್ಯದ ಬೊಕ್ಕಸ ತುಂಬಿಕೊಡಬೇಕಾಗಿತ್ತು. ಹೀಗೆ ಒಂದು ಊರಿನ ಪಾರ್ಕಿಂಗ್ ಕಟ್ಟಡಕ್ಕೆ ಇನ್ನೊಂದು ಊರಿನವರೂ ಕೊಟ್ಟಂತಾಗುತ್ತಿತ್ತು. 2011ರಲ್ಲಿ ಬಜೆಟ್ ಕುಸಿದಾಗ ಗವರ್ನರ್ ಜೆರ್ರಿ ಬ್ರೌನ್ ಅವುಗಳನ್ನು ಮುಚ್ಚುವ ಕಾನೂನು ತಂದರು. ಓಕ್‌ಲೆಂಡಿನ ಮೇಯರ್ ಆಗಿದ್ದಾಗ ನಡುಪೇಟೆಗೆ ಹತ್ತು ಸಾವಿರ ನಿವಾಸಿಗಳನ್ನು ತರಲು ಇದೇ ಹಣವನ್ನು ನೆಚ್ಚಿದ್ದವರೂ ಅವರೇ. ಎರಡು ಕುರ್ಚಿಯಿಂದ ಎರಡು ಬಗೆಯಾಗಿ ಕಂಡದ್ದರಲ್ಲಿ ಬೂಟಾಟಿಕೆ ಹುಡುಕಬೇಕಾಗಿಲ್ಲ. ಯಾರ ಪಾಲು ಹೋಗುತ್ತಿದೆ ಎಂಬುದು ನಗರಸಭೆಯಿಂದ ಕಾಣುವುದಿಲ್ಲ, ರಾಜ್ಯದ ಬೊಕ್ಕಸದಿಂದ ಕಾಣುತ್ತದೆ. ರಾಜ್ಯದ ಸುಪ್ರೀಂ ಕೋರ್ಟು 2011ರ ಡಿಸೆಂಬರಿನಲ್ಲಿ ಕಾನೂನನ್ನು ಎತ್ತಿಹಿಡಿಯಿತು. 2012ರ ಫೆಬ್ರವರಿ 1ರಂದು ಏಜೆನ್ಸಿಗಳು ಕೊನೆಗೊಂಡವು.

ಎರಡು ವರ್ಷದ ಮೇಲೆ, 2014ರಲ್ಲಿ, ಶಾಸನಸಭೆ ಪದ್ಧತಿಯನ್ನು ಮೊಟಕುಗೊಳಿಸಿ ಹೊಸ ಹೆಸರಿನಲ್ಲಿ ಮರಳಿ ತಂದಿತು. ಹೊಸ ಮೂಲಸೌಕರ್ಯ ವಲಯಗಳು ಶಾಲೆಗಳ ಪಾಲನ್ನು ಮುಟ್ಟುವಂತಿಲ್ಲ. ಕೌಂಟಿಯಾಗಲಿ ಬೇರೆ ಸಂಸ್ಥೆಯಾಗಲಿ ತಾನಾಗಿ ಒಪ್ಪಿ ಬಿಟ್ಟುಕೊಟ್ಟರೆ ಮಾತ್ರ ಅದರ ಪಾಲಿನ ಏರಿಕೆ ವಲಯಕ್ಕೆ ಸಿಗುತ್ತದೆ. ಆ ಹಣದಿಂದ ಕಟ್ಟಬಹುದಾದವುಗಳ ಪಟ್ಟಿಯಲ್ಲಿ ಪಾರ್ಕಿಂಗ್ ಸೌಲಭ್ಯ ಹಾಗೆಯೇ ಉಳಿದಿದೆ.